ಹೊಸ್ತಿಲೂ ಹಾಯಿದೋಣಿಯೂ

ಕೈವಾರಕ್ಕೂ ಕಡಲಿಗೂ ಬಹುದೂರ. ಆದರೂ ಗಾಳಿಮಳೆ ಬಾಗಿಲಿಗೇ ಬಡಿದು ಹೊಸ್ತಿಲೊಳಗೆ ನೀರು ನಿಲ್ಲುವುದನ್ನು ಕಂಡ ಅಲ್ಲಿಯ ವಿದ್ಯಾರ್ಥಿಗೆ ಹಾಯಿದೋಣಿಯ ಒಂದು ತೊಡಕು ಸುಲಭವಾಗಿ ತಿಳಿದೀತು. ದೋಣಿಯ ಕೋಣೆಗೆ ಇಳಿಯುವ ಬಾಗಿಲನ್ನು ಒಂದರ ಮೇಲೊಂದು ಕೂಡಿಸಿದ ಹಲಗೆಗಳಿಂದ ಮುಚ್ಚುತ್ತಾರೆ. ಅವುಗಳ ಸಂದಿನಿಂದ ನೀರು ಜಿನುಗುತ್ತದೆ. ಸಂದಿಗೆಲ್ಲ ರಬ್ಬರು ತುಂಬುವುದು ಎಲ್ಲರಿಗೂ ಹೊಳೆಯುವ ಉಪಾಯ. ಅದೊಂದನ್ನೇ ನಂಬುವುದು ತರವಲ್ಲವೆಂದು ನನ್ನ ಅಭಿಪ್ರಾಯ.

ಒದ್ದೆಯಾದ ಎರಡು ಹಲಗೆಗಳ ನಡುವೆ 1 ಮಿಲಿಮೀಟರ್ ಎಡೆಯಿದ್ದರೆ ಕೇಶಾಕರ್ಷಣೆಯಿಂದ ನೀರು ಸುಮಾರು 15 ಮಿಲಿಮೀಟರ್ ಮೇಲೇರಬಲ್ಲದು. ಎಡೆ ಅರ್ಧವಾದರೆ ಏರಿಕೆ ಇಮ್ಮಡಿ! ಬಿಸಿಲಿಗೆ ರಬ್ಬರು ಸೆಡೆತು ಬಿಡುವ ಕೂದಲೆಳೆಯಂಥ ಸಂದೇ ನೀರನ್ನು ಹೆಚ್ಚು ಸೆಳೆಯುತ್ತದೆ. ಸೆಕೆಂಡಿಗೆ 20 ಮೀಟರ್ ವೇಗದ ಗಾಳಿಯ ಒತ್ತಡವಂತೂ ನೀರನ್ನು ಸುಮಾರು 24 ಮಿಲಿಮೀಟರ್ ಎತ್ತಬಲ್ಲದು. ಆದುದರಿಂದ ಹೊಸ್ತಿಲು ಸಾಕಷ್ಟು ಎತ್ತರವಿರಬೇಕು. ಹಲಗೆಗಳ ಅಂಚು ಹೊರಕ್ಕೆ ಇಳಿಜಾರಾಗಿ, ಮೇಲಿನದು ಕೆಳಗಿನದನ್ನು ಹೊರಗಿನಿಂದ ಮುಚ್ಚಬೇಕು. ಅವು ಕೂಡುವಲ್ಲಿ ಅಗಲವಾದ ತೋಡು ಕೊರೆದು, ನುಗ್ಗಿದ ನೀರಿಗೆ ಹೊರದಾರಿ ಮಾಡಬೇಕು. ನಮ್ಮ ಗಾರೆಯವರು ಸಜ್ಜದ ಕೆಳಮೈಯಲ್ಲಿ ತೋಡು ಬಿಡುವುದೂ ನೀರು ಗೋಡೆಯತ್ತ ಹರಿಯದಿರಲೆಂದೇ ಅಲ್ಲವೆ? ಇಷ್ಟಾದ ಮೇಲೆ ರಬ್ಬರೂ ಇರಲಿ.

ಜಿನುಗುವಿಕೆಗಿಂತ ದೊಡ್ಡ ಅಪಾಯವೊಂದುಂಟು. 1979ರ ಆಗಸ್ಟಿನಲ್ಲಿ ಫಾಸ್ಟ್‌ನೆಟ್ ಪಂದ್ಯದ ದೋಣಿಗಳು ಬಿರುಗಾಳಿಗೆ ಸಿಕ್ಕಿ 15 ಮಂದಿ ಸ್ಪರ್ಧಿಗಳು ಮಡಿದರು. ಮಗುಚಿದ ಕೆಲವು ದೋಣಿಗಳಲ್ಲಿ ಬಾಗಿಲ ಹಲಗೆಗಳೇ ಕಳಚಿಬಿದ್ದು ಕಡಲು ಒಳಹೊಕ್ಕಿತ್ತು. ಹಲಗೆಗಳಿಗೆ ಒಳಗಿನಿಂದಲೂ ಹೊರಗಿನಿಂದಲೂ ತೆಗೆಯಬಲ್ಲ ಚಿಲಕವನ್ನು ಮೊದಲು ಹಾಕಿಸಿ, ಆಮೇಲೆ ರಬ್ಬರಿನ ಮಾತೆತ್ತಬೇಕು.