ಭೂಮಿಯ ಉಸಿರೂ ನಮ್ಮ ಹೊಗೆಯೂ

ಅಗ್ನಿಪರ್ವತವೊಂದು ಕೆರಳಿದ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುವುದುಂಟು: “ಭೂಮಿಯೇ ಇಷ್ಟೊಂದು ಇಂಗಾಲಾಮ್ಲವನ್ನು ಹೊರಗೆಡಹುತ್ತಿರುವಾಗ ನಮ್ಮ ಕಾರ್ಖಾನೆಗಳನ್ನೂ ಮೋಟಾರುಗಳನ್ನೂ ದೂರುವುದೇಕೆ?” ಮೇಲ್ನೋಟಕ್ಕೆ ಈ ವಾದವು ನ್ಯಾಯವಾಗಿಯೇ ತೋರುತ್ತದೆ. ಆದರೆ ವಿಜ್ಞಾನದಲ್ಲಿ ‘ಉಂಟು’ ಎಂದರೆ ಸಾಲದು. ‘ಎಷ್ಟು’ ಎಂದೂ ಕೇಳಬೇಕು.

ಭೂಮಿಯು ಇಂಗಾಲಾಮ್ಲ ವಾಯುವನ್ನು, ಎಂದರೆ ಕಾರ್ಬನ್ ಡೈ ಆಕ್ಸೈಡನ್ನು, ಹೊರಬಿಡುತ್ತಿರುವುದು ನಿಜ. ಭೂಮಿಯ ಹೊರಚಿಪ್ಪು ಅಖಂಡವಾದುದಲ್ಲ. ಮೆಲ್ಲಮೆಲ್ಲನೆ ಸರಿಯುವ ಬೃಹತ್ ಶಿಲಾಫಲಕಗಳಿಂದ ಕೂಡಿದುದು. ಸಾಗರತಳದ ಫಲಕವು ಮತ್ತೊಂದರ ಅಡಿಗೆ ಇಳಿಯುವಾಗ, ಜಲಜೀವಿಗಳ ಚಿಪ್ಪುಗಳಿಂದಾದ ಸುಣ್ಣಕಲ್ಲನ್ನೂ ತನ್ನೊಡನೆ ಒಯ್ಯುತ್ತದೆ. ಭೂಗರ್ಭದ ಬೇಗೆಗೆ ಅದರಲ್ಲಿನ ಇಂಗಾಲದ ಒಂದು ಭಾಗವು ಬಿಡುಗಡೆ ಹೊಂದಿ, ಶಿಲಾಪಾಕದೊಡನೆ ಮೇಲೇರಿ, ಅಗ್ನಿಪರ್ವತಗಳ ಬಾಯಿಂದ ಹೊರಬೀಳುತ್ತದೆ. ಫಲಕಗಳು ಒಂದನ್ನೊಂದು ಅಗಲುವೆಡೆಯಲ್ಲಿಯೂ ನೆಲದ ಬಿರುಕುಗಳಲ್ಲಿಯೂ ಈ ವಾಯು ಸೋರುತ್ತದೆ.

ಈ ಸೋರಿಕೆಯನ್ನು ನಾವು ಹಗುರವಾಗಿ ಎಣಿಸತಕ್ಕುದಲ್ಲ. 1989ರಲ್ಲಿ ಕ್ಯಾಲಿಫೋರ್ನಿಯದ ಮ್ಯಾಮತ್ ಬೆಟ್ಟದಡಿಯಲ್ಲಿ ತಿಂಗಳುಗಟ್ಟಲೆ ಸಣ್ಣ ಭೂಕಂಪಗಳಾದುವು. ಮರುವರ್ಷದಿಂದ ಅಲ್ಲಿನ ಮರಗಳು ನಿಂತಲ್ಲಿಯೇ ಒಣಗತೊಡಗಿದುವು. ಮಣ್ಣನ್ನು ಪರೀಕ್ಷಿಸಲಾಗಿ ಬೇರುಗಳ ಸುತ್ತ ಇಂಗಾಲಾಮ್ಲವೇ ತುಂಬಿಕೊಂಡಿತ್ತು. ಆಫ್ರಿಕದ ಕ್ಯಾಮರೂನಿನಲ್ಲಂತೂ, 1986ರ ಆಗಸ್ಟ್ 21ರ ರಾತ್ರಿ, ನಯೋಸ್ ಸರೋವರದ ತಳದಲ್ಲಿ ಕರಗಿ ಕೂಡಿದ್ದ ಇದೇ ವಾಯು ಒಮ್ಮೆಲೆ ಉಕ್ಕಿ ಕಣಿವೆಗಿಳಿದು ಸುಮಾರು 1,700 ಜನರನ್ನು ಉಸಿರುಗಟ್ಟಿಸಿ ಕೊಂದಿತು.

ಇನ್ನು ಲೆಕ್ಕವನ್ನು ನೋಡೋಣ. ನೆಲದ ಮೇಲಿನ ಮತ್ತು ಕಡಲಡಿಯ ಅಗ್ನಿಪರ್ವತಗಳೆಲ್ಲ ಸೇರಿ ವರ್ಷಕ್ಕೆ ಹೊರಬಿಡುವ ಇಂಗಾಲಾಮ್ಲವು ಸುಮಾರು 30ರಿಂದ 40 ಕೋಟಿ ಟನ್ನುಗಳೆಂದು ಅಂದಾಜು. ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಸುಟ್ಟು ಮಾನವನು ಹೊರಬಿಡುವುದಾದರೋ 3,500 ಕೋಟಿ ಟನ್ನುಗಳಿಗೂ ಮಿಗಿಲು! 1991ರಲ್ಲಿ ಫಿಲಿಪೀನ್ಸಿನ ಪಿನಟೂಬೊ ಸಿಡಿದಾಗ ಹೊರಬಿದ್ದುದು ಸುಮಾರು 5 ಕೋಟಿ ಟನ್ನು; ಅಷ್ಟನ್ನು ನಾವು ಇಂದು ಅರ್ಧ ದಿನದಲ್ಲಿಯೇ ಹೊರಬಿಡುತ್ತೇವೆ. ಸಾಕ್ಷ್ಯವು ಗಾಳಿಯಲ್ಲಿಯೂ ಇದೆ. ಉರಿಯುವ ಇಂಧನವು ಆಮ್ಲಜನಕವನ್ನು ಬಳಸುತ್ತದೆ. ಅಗ್ನಿಪರ್ವತದ ಇಂಗಾಲಾಮ್ಲಕ್ಕೆ ಅದು ಬೇಕಿಲ್ಲ. ವಾಯುಮಂಡಲದಲ್ಲಿ ಇಂಗಾಲಾಮ್ಲವು ಏರಿದಂತೆಲ್ಲ ಆಮ್ಲಜನಕವು ಅತ್ಯಲ್ಪವಾಗಿಯಾದರೂ ಇಳಿಯುತ್ತಿರುವುದನ್ನು ಉಪಕರಣಗಳು ಅಳೆದಿವೆ.

ಭೂಮಿಯಾದರೋ ತಾನು ಕೊಟ್ಟುದನ್ನು ತಾನೇ ಹಿಂದಕ್ಕೆ ಪಡೆಯಬಲ್ಲುದು. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿಗಳ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವೇ ಆಗಿದೆ. ಮಳೆನೀರಿನಲ್ಲಿ ಕರಗಿದ ಇಂಗಾಲಾಮ್ಲವು ಆ ಬಂಡೆಗಳನ್ನು ಸವೆಯಿಸುತ್ತ, ತಾನು ಲವಣರೂಪವನ್ನು ತಾಳಿ, ಕೃಷ್ಣಾ ಭೀಮಾ ನದಿಗಳೊಡನೆ ಕಡಲನ್ನು ಸೇರುತ್ತದೆ; ಅಲ್ಲಿ ಚಿಪ್ಪಾಗಿ, ಕಾಲಾಂತರದಲ್ಲಿ ಸುಣ್ಣಕಲ್ಲಾಗಿ ತಳವನ್ನು ಸೇರುತ್ತದೆ. ಆದರೆ ಈ ವಸೂಲಿಗೆ ಲಕ್ಷಾಂತರ ವರ್ಷಗಳು ಬೇಕು. ಇನ್ನೂರೈವತ್ತು ವರ್ಷಗಳಲ್ಲಿ ನಾವು ಮಾಡಿರುವ ಸಾಲವನ್ನು ತೀರಿಸುವ ಅವಸರ ಬಂಡೆಗಳಿಗಿಲ್ಲ.

ಆದುದರಿಂದ, ‘ಪ್ರಕೃತಿಯೂ ಹಾಗೆಯೇ ಮಾಡುತ್ತದೆ’ ಎಂಬ ಮಾತನ್ನು ಕೇಳಿದಾಗ ನಮ್ಮ ವಿದ್ಯಾರ್ಥಿಮಿತ್ರರು ಸುಮ್ಮನಾಗಬಾರದು. ಎಷ್ಟು ಮಾಡುತ್ತದೆ, ಎಷ್ಟು ಕಾಲದಲ್ಲಿ ಮಾಡುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಲಿ. ನಮ್ಮ ಹೊಗೆಯ ಹೊಣೆಯನ್ನು ಭೂಮಿಯ ಮೇಲೆ ಹೊರಿಸಿ ನಾವು ಪಾರಾಗಲಾರೆವು.