ಬಡರೋಗಿಯ ಬಾಕಿ ಯಾರ ಋಣ?

ನಂತೂರಿನ ಕೂಡುರಸ್ತೆಯನ್ನು ಅರಿಯದ ಮಂಗಳೂರಿಗರಿಲ್ಲ. ಕಾಸರಗೋಡಿನಿಂದ ಉಡುಪಿಯ ಕಡೆಗೆ ಸಾಗುವ ಹೆದ್ದಾರಿಯು ಬಂಟ್ವಾಳದ ದಿಕ್ಕಿನಿಂದ ಬರುವ ಹೆದ್ದಾರಿಯನ್ನು ಇಲ್ಲಿ ಸಂಧಿಸುವುದು. ನಗರದೊಳಗಿನ ವಾಹನಗಳೂ ಇಲ್ಲಿಗೇ ಬಂದು ಸೇರುವುವು. ಇಲ್ಲಿಯ ಅಪಘಾತಗಳ ವಾರ್ತೆಯನ್ನು ಓದಿ ಓದಿ ನಮ್ಮ ಕಣ್ಣು ಬಳಲಿದೆ. ಆದರೆ ಆ ವಾರ್ತೆಯು ಗಾಯಾಳುವನ್ನು ಆಸ್ಪತ್ರೆಯ ಬಾಗಿಲಿಗೆ ತಲಪಿಸಿ ಅಲ್ಲಿಗೆ ಮುಗಿಯುವುದು. ಬಾಗಿಲಿನ ಒಳಗೆ ಹಣ ಕಟ್ಟುವ ಕಿಟಕಿಯೊಂದಿದೆ. ಕೂಲಿಯವನ ಎರಡನೆಯ ಅಪಘಾತವು ಅಲ್ಲಿ ನಡೆಯುವುದು. ಅದರ ವಾರ್ತೆಯನ್ನು ಯಾರೂ ಬರೆಯುವುದಿಲ್ಲ.

ನಮ್ಮ ವಾದವು ಸರಳವಾದುದು. ಬಡವನ ಚಿಕಿತ್ಸೆಗಾಗಿ ಸಾರ್ವಜನಿಕ ಆಸ್ಪತ್ರೆಯಲ್ಲಿ ಲೆಕ್ಕಕ್ಕೆ ಹತ್ತಿ, ಸಲ್ಲದೆ ಉಳಿದ ಹಣವು ಬಡವನ ಸಾಲವಲ್ಲ, ಸರಕಾರದ ಸಾಲ. ಅದನ್ನು ದಯೆದೋರಿ ಮನ್ನಾ ಮಾಡತಕ್ಕದ್ದಲ್ಲ; ಸಾಲಗಾರನು ತನ್ನ ಸಾಲವನ್ನು ತೀರಿಸುವಂತೆ ತೀರಿಸತಕ್ಕದ್ದು.

ಈ ಊರಿಗೆ ಧರ್ಮಚಿಕಿತ್ಸೆಯು ಹೊಸತಲ್ಲ. ಇಂದು ವೆನ್ಲಾಕ್ ಎಂದು ಕರೆಯಲ್ಪಡುವ ಜಿಲ್ಲಾ ಆಸ್ಪತ್ರೆಯು ಕಂಪೆನಿ ಸರಕಾರದ ಕಾಲದಲ್ಲಿ, 1848ರಲ್ಲಿ, ಹುಟ್ಟಿತು. 1880ರಲ್ಲಿ ಫಾದರ್ ಮುಲ್ಲರರು ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧವನ್ನು ಕೊಡತೊಡಗಿದರು. ಅಂದು ಕೊಟ್ಟವರು ದಾನಿಗಳು; ಪಡೆದವರು ಕೈಮುಗಿದರು. ಅದು ಆ ಕಾಲದ ಧರ್ಮ. ಆದರೆ ಪ್ರಜೆಯೇ ಪ್ರಭುವೆಂದು ಸಾರಿದ ಮೇಲೆಯೂ ಅವನು ಕೈಮುಗಿದೇ ನಿಲ್ಲಬೇಕೆಂಬುದು ಯಾವ ನ್ಯಾಯ? ಹಣ ಕೊಡಲಾರದ ಕಾರಣದಿಂದ ಯಾವನೊಬ್ಬನೂ ತಕ್ಕ ಚಿಕಿತ್ಸೆಯಿಂದ ವಂಚಿತನಾಗಬಾರದೆಂದು 1946ರಲ್ಲಿಯೇ ಭೋರ್ ಸಮಿತಿಯು ತನ್ನ ವರದಿಯಲ್ಲಿ ವಿಧಿಸಿತು. ಜನರ ಆರೋಗ್ಯವನ್ನು ಉತ್ತಮಪಡಿಸುವುದು ರಾಜ್ಯದ ಪ್ರಥಮ ಕರ್ತವ್ಯಗಳಲ್ಲೊಂದೆಂದು ಸಂವಿಧಾನದ 47ನೆಯ ವಿಧಿಯು ನುಡಿಯಿತು.

ಅದು ಬರಿಯ ಆದರ್ಶವೆಂದು ತಳ್ಳಿಬಿಡುವವರು 1996ರ ತೀರ್ಪನ್ನು ಓದಲಿ. ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಗಾರನೊಬ್ಬನನ್ನು 1992ರಲ್ಲಿ ಒಂದರ ಮೇಲೊಂದು ಸರಕಾರಿ ಆಸ್ಪತ್ರೆಗೆ ಒಯ್ದರು. ಎಲ್ಲಿಯೂ ಹಾಸಿಗೆಯಿಲ್ಲವೆಂಬ ಉತ್ತರ. ಕಡೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ತೆತ್ತು ಅವನು ಬದುಕಿಕೊಂಡನು. ಸರ್ವೋಚ್ಚ ನ್ಯಾಯಾಲಯವು ಇದನ್ನು ಜೀವಿಸುವ ಹಕ್ಕಿನ ಭಂಗವೆಂದು ಎಣಿಸಿ, ಅವನಿಗೆ 25,000 ರೂಪಾಯಿಗಳನ್ನು ಕೊಡುವಂತೆ ಸರಕಾರಕ್ಕೆ ಆಜ್ಞಾಪಿಸಿತು. ಬೊಕ್ಕಸದಲ್ಲಿ ಹಣವಿಲ್ಲವೆಂಬ ನೆವದಿಂದ ಈ ಹೊಣೆಯನ್ನು ಜಾರಿಸಲಾಗದೆಂದೂ ಹೇಳಿತು. ಋಣವು ಯಾರದೆಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ಬೇಕೆ?

ಇನ್ನು ಆಕ್ಷೇಪಗಳನ್ನು ನೋಡೋಣ. ಯೋಜನೆಗಳು ಈಗಾಗಲೇ ಇವೆಯಲ್ಲವೆ, ಎಂಬುದು ಮೊದಲನೆಯದು. ಅಹುದು, ಇವೆ. 2018ರಲ್ಲಿ ಕೂಡಿಕೊಂಡ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯು ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯನ್ನು ವಾಗ್ದಾನ ಮಾಡಿತು. ಇದರಿಂದ ಬದುಕಿದವರು ಅನೇಕರು. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಎ.ಪಿ.ಎಲ್. ಚೀಟಿಯವನಿಗೆ ಆ ಯೋಜನೆಯು ಗೊತ್ತುಮಾಡಿದ್ದು ನಿಗದಿತ ದರದ ನೂರಕ್ಕೆ 30 ಮಾತ್ರ. ಉಳಿದ 70ನ್ನು ರಿಕ್ಷಾ ಓಡಿಸುವವನು ಎಲ್ಲಿಂದ ತರಬೇಕು? ಬಡತನವನ್ನು ಅಳೆಯುವ ಆ ಚೀಟಿಯಾದರೂ ಎಷ್ಟು ಗಟ್ಟಿಯಾದುದು? 2024ರ ನವೆಂಬರಿನಲ್ಲಿ ಚೀಟಿಗಳು ರದ್ದಾಗಿ ನಾಡಿನಲ್ಲೆಲ್ಲ ಕೂಗೆದ್ದಿತು, ಸರಕಾರವೇ ಹಿಂದೆಗೆಯಬೇಕಾಯಿತು. ಅದೇ ತಿಂಗಳು ಬೆಂಗಳೂರಿನ ವಿಕ್ಟೋರಿಯಾ ಮೊದಲಾದ ಸರಕಾರಿ ಆಸ್ಪತ್ರೆಗಳಲ್ಲಿ ಹೊರರೋಗಿಯ ನೋಂದಣಿಯ ಶುಲ್ಕವು 10 ರೂಪಾಯಿಗಳಿಂದ 20ಕ್ಕೆ ಏರಿತು. ಹತ್ತು ರೂಪಾಯಿ ಅಲ್ಪವೆನ್ನುವವರು ಒಮ್ಮೆ ಹಳ್ಳಿಯ ಮುದುಕಿಯ ಸೆರಗಿನ ಗಂಟನ್ನು ಬಿಚ್ಚಿ ನೋಡಲಿ.

ಹೆದ್ದಾರಿಯ ಗಾಯಾಳುವಿನ ಪಾಡೇನು? 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ರಸ್ತೆಯ ಅಪಘಾತಕ್ಕೊಳಗಾದವರಿಗೆ 1.5 ಲಕ್ಷ ರೂಪಾಯಿಗಳವರೆಗೆ, ಏಳು ದಿನಗಳ ಮಿತಿಯಲ್ಲಿ, ಹಣ ಕಟ್ಟದೆಯೇ ಚಿಕಿತ್ಸೆ ದೊರೆಯತಕ್ಕದ್ದೆಂದು ವಿಧಿಸಿತು. ಒಳ್ಳೆಯದು. ಆದರೆ ಮುರಿದ ತೊಡೆಯೆಲುಬು ಏಳು ದಿನಗಳಲ್ಲಿ ಕೂಡಿಕೊಳ್ಳುವುದಿಲ್ಲ. ಎಂಟನೆಯ ದಿನದ ಬೆಳಗ್ಗೆ ಅವನು ಶ್ರೀಮಂತನಾಗಿ ಎದ್ದಾನೆಯೆ?

ಎರಡನೆಯ ಆಕ್ಷೇಪ: ಪುಕ್ಕಟೆ ಕೊಟ್ಟರೆ ಜನರು ದುರುಪಯೋಗ ಮಾಡುವರು. ಪುಕ್ಕಟೆ ದೊರೆಯುವುದೆಂದು ಕಾಲು ಮುರಿದುಕೊಳ್ಳುವವನನ್ನು ನಾವು ಇದುವರೆಗೆ ಕಂಡಿಲ್ಲ. ಥಾಯ್ಲೆಂಡ್ ದೇಶವೇನೂ ಕುಬೇರನ ರಾಜ್ಯವಲ್ಲ. 2002ರಲ್ಲಿ ಅದು ಪ್ರತಿ ಭೇಟಿಗೆ ಕೇವಲ 30 ಬಾಟ್ ಇಟ್ಟು ಸರ್ವಜನರ ಚಿಕಿತ್ಸೆಗೆ ತೊಡಗಿತು. 2006ರಲ್ಲಿ ಆ 30ನ್ನೂ ತೆಗೆದುಹಾಕಿತು. ಅದರಿಂದ ಆ ವ್ಯವಸ್ಥೆಯೇನೂ ಕುಸಿದುಬೀಳಲಿಲ್ಲ.

ಮೂರನೆಯದು: ಹೊರಗಿನವರ ಭಾರವನ್ನು ನಾವೇಕೆ ಹೊರಬೇಕು? ಇದನ್ನು ಕೇಳಿದಾಗ ನಮಗೆ ನಾಚಿಕೆಯಾಗುವುದು. ಕಾಸರಗೋಡು 1956ರ ವರೆಗೆ ನಮ್ಮ ಜಿಲ್ಲೆಯ ಅಂಗವೇ ಆಗಿತ್ತು. ಗಡಿಗೆರೆಯು ನಕ್ಷೆಯ ಮೇಲೆ ಬಿದ್ದಿತೇ ಹೊರತು ರೋಗಿಗಳ ದಾರಿಯು ಬದಲಾಗಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ತಲಪಾಡಿಯ ದಾರಿಯನ್ನು ಮುಚ್ಚಿದಾಗ ಆ ಭಾಗದ ಹಲವು ರೋಗಿಗಳು ಮಂಗಳೂರನ್ನು ತಲಪಲಾರದೆ ಮಡಿದರು. ವ್ಯಾಜ್ಯವು ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಅಂದು ದಾರಿಯನ್ನು ಮುಚ್ಚಿದ್ದು ಮಣ್ಣಿನ ರಾಶಿ. ಉಳಿದ ದಿನಗಳಲ್ಲಿ ಅದೇ ಕೆಲಸವನ್ನು ಬಿಲ್ಲಿನ ಕಾಗದವು ಸದ್ದಿಲ್ಲದೆ ಮಾಡಬಲ್ಲುದು. ಎರಡು ಸರಕಾರಗಳು ವರ್ಷಾಂತ್ಯದಲ್ಲಿ ತಮ್ಮೊಳಗೆ ಲೆಕ್ಕ ಸರಿಪಡಿಸಿಕೊಳ್ಳಲಿ. ರೋಗಿಯನ್ನು ಅದರ ನಡುವೆ ನಿಲ್ಲಿಸುವುದೇಕೆ?

ಹಾಗಾದರೆ ಮಾಡತಕ್ಕದ್ದೇನು? ಮೊದಲು ಚಿಕಿತ್ಸೆ, ಆಮೇಲೆ ವಿಚಾರಣೆ. ರೋಗಿಯು ಬಡವನೇ ಅಲ್ಲವೇ ಎಂಬುದನ್ನು ಅವನು ಗುಣವಾಗಿ ಮನೆಗೆ ಹೋದ ಮೇಲೆ ತಹಶೀಲ್ದಾರರು ನೋಡಲಿ. ಉಳ್ಳವನಾದರೆ ವಸೂಲು ಮಾಡಲಿ. ಬಡವನಾದರೆ, ಚೀಟಿಯ ಬಣ್ಣವೇನೇ ಇರಲಿ, ಬಾಕಿಯು ತಾನಾಗಿಯೇ ಸರಕಾರದ ಹೆಸರಿಗೆ ವರ್ಗವಾಗಲಿ. ಆ ಹಣವು ಗೊತ್ತಾದ ಅವಧಿಯೊಳಗೆ ಜಿಲ್ಲೆಯ ಖಜಾನೆಯಿಂದ ಆಸ್ಪತ್ರೆಗೆ ಸಲ್ಲಲಿ. ಏಕೆಂದರೆ ಸರಕಾರವು ಒಪ್ಪಿಕೊಂಡು ಕೊಡದೆ ಇದ್ದರೆ, ಔಷಧದ ಚೀಟಿಯು ಹೊರಗಿನ ಅಂಗಡಿಗೆ ಹೋಗುವುದು. ಕಡೆಗೆ ತೆರುವವನು ಬಡವನೇ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯು ಹುಟ್ಟಿದ್ದು ಇಂತಹ ಅನುಭವದಿಂದಲೇ.

ರಸ್ತೆಯನ್ನು ಹಾಕಿಸಿದ್ದು ಸರಕಾರ. ಅದರ ಸುಂಕಕ್ಕೆ ಅಪ್ಪಣೆಯಿತ್ತದ್ದು ಸರಕಾರ. ಬಡವನು ಕೊಳ್ಳುವ ಸಾಬೂನಿನಿಂದಲೂ ತೆರಿಗೆಯನ್ನು ಎತ್ತುವುದು ಸರಕಾರ. ಅವನು ಬಿದ್ದ ದಿನ ಮಾತ್ರ ಅದು ಅಪರಿಚಿತನಂತೆ ಮುಖ ತಿರುಗಿಸಬಾರದು. ವಾಚಕ ಮಹಾಶಯರು ತಮ್ಮ ಶಾಸಕರನ್ನು ಮುಂದಿನ ಸಲ ಕಂಡಾಗ ನಂತೂರಿನ ರಸ್ತೆಯ ಅಗಲವನ್ನು ಕೇಳುವುದರೊಡನೆ, ಅಲ್ಲಿ ಬಿದ್ದವನ ಬಾಕಿಯನ್ನು ಯಾರ ಹೆಸರಿಗೆ ಬರೆಯಲಾಗಿದೆಯೆಂಬುದನ್ನೂ ಕೇಳಬೇಕು. ಉತ್ತರವು ಬರುವವರೆಗೂ ಕೇಳಬೇಕು.