ಸೂರ್ಯನ ಪಿಗ್ಮಿ ಖಾತೆ

ಹೋದ ವರ್ಷ ದೀಪಾವಳಿಗೆ ಬಂದಾಗ ಮಗ ಒಂದು ಪೊಟ್ಟಣ ತಂದುಕೊಟ್ಟ. ಬಿಚ್ಚಿದರೆ ಸ್ಲೇಟಿಗಿಂತ ಸ್ವಲ್ಪ ದೊಡ್ಡದಾದ ನೀಲಿ ಹಲಗೆ. 10 ವಾಟಿನ ಸೋಲಾರ್ ಪ್ಯಾನೆಲ್. ಜೊತೆಗೆ 12 ವೋಲ್ಟಿನ ಒಂದು ಸಣ್ಣ ಬ್ಯಾಟರಿ, ಎರಡರ ನಡುವೆ ಕೂರಿಸುವ ಕಂಟ್ರೋಲರ್ ಎಂಬ ಪೆಟ್ಟಿಗೆ. "ಅಪ್ಪಾ, ನಿಮಗೆ ಹೊತ್ತು ಹೋಗ್ತದೆ. ಇದಕ್ಕೆ ಏನಾದ್ರೂ ಉಪಯೋಗ ಹುಡುಕಿ" ಎಂದ. ಹೊತ್ತೇನೋ ಚೆನ್ನಾಗಿ ಹೋಯಿತು. ಉಪಯೋಗ ಸಿಕ್ಕಲಿಕ್ಕೆ ಮಾತ್ರ ಮುಂದಿನ ಮಳೆಗಾಲವೇ ಬರಬೇಕಾಯಿತು.

ಮೊದಲು ಅದು ಕುಮಟೆಗೆ, ಮಗಳ ಮನೆಗೆ ಹೋಯಿತು. ಆರನೇ ಕ್ಲಾಸಿನ ಮೊಮ್ಮಗ ಅಂಗಳದಲ್ಲಿ ಕುರ್ಚಿ ಇಟ್ಟು, ಅದರ ಮೇಲೆ ಪ್ಯಾನೆಲ್ ಇಟ್ಟು ಕಾದ. ಬ್ಯಾಟರಿ ತುಂಬಲೇ ಇಲ್ಲ. "ಅಜ್ಜಾ, ಇದು ಹಾಳು ಮಾಲು" ಎಂದು ಫೋನು ಮಾಡಿದ. ಹೋಗಿ ನೋಡಿದರೆ ತೆಂಗಿನ ಗರಿಯೊಂದರ ನೆರಳು ಪ್ಯಾನೆಲಿನ ಮೂಲೆಯಲ್ಲಿ ಆಡುತ್ತಿತ್ತು. ಮಕ್ಕಳೇ, ಇಂಥ ಪ್ಯಾನೆಲಿನಲ್ಲಿ ಸಾಮಾನ್ಯವಾಗಿ 36 ಕೋಶಗಳಿರುತ್ತವೆ. ಒಂದೊಂದೂ ಸುಮಾರು ಅರ್ಧ ವೋಲ್ಟು ಕೊಡುತ್ತದೆ. ಬಾವಿಯಿಂದ ಕೊಡಪಾನ ದಾಟಿಸಲು ಸಾಲಾಗಿ ನಿಂತವರ ಹಾಗೆ ಅವುಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ನಡುವೆ ಒಬ್ಬ ಕೈಕಟ್ಟಿ ನಿಂತರೆ ಸಾಲೇ ನಿಲ್ಲುತ್ತದೆಯಲ್ಲ, ಹಾಗೆಯೇ ಒಂದು ಕೋಶದ ಮೇಲೆ ನೆರಳು ಬಿದ್ದರೂ ಇಡೀ ಪ್ಯಾನೆಲ್ ಸೋಲುತ್ತದೆ. ಮಗಳ ಅಂಗಳದಲ್ಲಿ ತೆಂಗು ಬಿಟ್ಟು ಬೇರೆ ಜಾಗವಿಲ್ಲ.

ಅಲ್ಲಿಂದ ಅದನ್ನು ಭಟ್ಕಳದ ಗೆಳೆಯರೊಬ್ಬರು ಒಯ್ದರು. ಅವರದು ಮಲ್ಲಿಗೆ ಕೃಷಿ. ಬೆಳಕು ಹರಿಯುವ ಮುಂಚೆ ಮೊಗ್ಗು ಕೊಯ್ಯುವಾಗ ತಲೆಗೆ ಕಟ್ಟಿಕೊಳ್ಳುವ ಟಾರ್ಚು ಚಾರ್ಜು ಮಾಡಲು ಬಳಸಿದರು. ತಕರಾರೇ ಇಲ್ಲ. ಮೇ ತಿಂಗಳಲ್ಲಿ ತಮಗೂ ಒಂದು ಕೊಂಡು ನನ್ನದನ್ನು ವಾಪಸು ಕೊಟ್ಟರು. ಅಷ್ಟು ಸಣ್ಣ ಕೆಲಸ ಕೊಟ್ಟದ್ದಕ್ಕೇ ಅವರಲ್ಲಿ ಅದು ನಡೆಯಿತು ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ.

ಹೊನ್ನಾವರದಲ್ಲಿ ನಮ್ಮ ಮನೆ ಮಾಡಿಗೆ ಏರಿದ ಮೇಲೆ ನಾನು ದಾನಶೂರನಾದೆ. ಜೂನಿನ ಮೊದಲ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಯಿತು. "ನಮ್ಮಲ್ಲಿ ಸೋಲಾರ್ ಉಂಟು, ತನ್ನಿ" ಎಂದು ಆಚೀಚೆ ಮನೆಯವರ ಮೂರು ಫೋನು ಚಾರ್ಜು ಮಾಡಿಕೊಟ್ಟೆ. ರೇಡಿಯೋ ಬೇರೆ ಹಾಕಿದೆ. ರಾತ್ರಿ ಹತ್ತರ ಹೊತ್ತಿಗೆ ದೀಪ ಆರಿತು. ಬ್ಯಾಟರಿ ಪೂರ್ತಿ ಬತ್ತಿ ಕೆಡಬಾರದೆಂದು ಕಂಟ್ರೋಲರ್ ತಾನಾಗಿ ಕೈ ಮುಚ್ಚಿತ್ತು. ಎರಡು ಗಂಟೆಗೆ ಮನೆಯವಳು ಬಚ್ಚಲಿಗೆ ಎದ್ದವಳು ಕತ್ತಲಲ್ಲಿ ಒದ್ದೆ ಮೆಟ್ಟಿಲ ಮೇಲೆ ಜಾರಿದಳು. ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರು.

ಅವಳು ಬೈಯಲಿಲ್ಲ. "ಊರಿಗೆಲ್ಲ ಬೆಳಕು ಕೊಟ್ರಿ" ಎಂದಳು, ಅಷ್ಟೇ.

ಮಾರನೇ ದಿನ ಕಾಗದ ಪೆನ್ಸಿಲ್ ಹಿಡಿದು ಕುಳಿತೆ. ಬ್ಯಾಟರಿಯ ಮೇಲೆ 7 ಆಂಪಿಯರ್-ಅವರ್ ಎಂದಿದೆ. ಅದನ್ನು 12ರಿಂದ ಗುಣಿಸಿದರೆ 84 ವಾಟ್-ಅವರ್. ಸೀಸದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಅಂದರೆ 42 ಮುಟ್ಟಬಾರದ ಕನಿಷ್ಠ ಶಿಲ್ಕು, ಉಳಿದ 42 ನಮ್ಮದು. ಒಳ್ಳೆಯ ಬಿಸಿಲಿನ ದಿನ ಪ್ಯಾನೆಲಿನ ಜಮೆ 40ರ ಆಸುಪಾಸು, ಸೋರಿಕೆ ಕಳೆದು ಕೈಗೆ 30. ಈಗಿನ ದೊಡ್ಡ ಫೋನು ಒಂದಕ್ಕೇ 25 ಬೇಕು. ಸೀಲಿಂಗ್ ಫ್ಯಾನು ಹಾಕಿದರೆ ಅರ್ಧ ಗಂಟೆಯಲ್ಲಿ ಖಾತೆ ಖಾಲಿ. ಮೂರು ಫೋನಿಗೆ ನಾನು ಕೊಟ್ಟದ್ದು ಎರಡೂವರೆ ದಿನದ ಗಳಿಕೆ! ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ಬರೆದವನು ಮನೆಯಲ್ಲಿ ಲೆಕ್ಕವಿಲ್ಲದೆ ಸಾಲ ಹಂಚಿದ್ದೆ.

ಇದು ಪಿಗ್ಮಿ ಖಾತೆ ಎಂದು ಹೊಳೆದದ್ದು ಆಗ. ಕರಾವಳಿಯ ಅಂಗಡಿಯವರಿಗೆಲ್ಲ ಗೊತ್ತು, ಏಜೆಂಟ್ ದಿನಾ ಬಾಗಿಲಿಗೆ ಬಂದು ಚಿಲ್ಲರೆ ಕಾಸು ಕಟ್ಟಿಸಿಕೊಂಡು ಹೋಗುವ ಠೇವಣಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಬ್ಯಾಂಕು ಇದನ್ನು 1928ರಲ್ಲಿ ಶುರುಮಾಡಿತು, ದಿನಕ್ಕೆ ಎರಡಾಣೆಯಿಂದ. ನಮ್ಮ ಮಾಡಿಗೆ ಬರುವ ಏಜೆಂಟ್ ಸೂರ್ಯ. ದಿನಾ ಬರುತ್ತಾನೆ, ತರುವುದು ಚಿಲ್ಲರೆ, ಮಳೆಗಾಲದಲ್ಲಿ ರಜೆಯೂ ಹಾಕುತ್ತಾನೆ.

ಇನ್ನೊಂದು ನೆನಪಾಗಿ ನಾಚಿಕೆಯಾಯಿತು. 1995ರಲ್ಲಿ ಸೆಲ್ಕೋ ಸಂಸ್ಥೆ ಶುರುವಾಗಿ ಬ್ಯಾಂಕ್ ಸಾಲದ ಮೂಲಕ ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಮುಟ್ಟಿಸತೊಡಗಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆ ಕಾಲದಲ್ಲಿ ಘಟ್ಟದ ಬುಡದ ಮನೆಯವರು ಅಂಥ ಸಾಲದ ಅರ್ಜಿ ಹಿಡಿದು ಬಂದರೆ "ಎರಡು ದೀಪಕ್ಕೆ ಸಾಲವೇ?" ಎಂದು ಕೌಂಟರಿನ ಈಚೆ ಕೂತು ನಾನು ನಕ್ಕದ್ದುಂಟು. ಅವರು ನನಗಿಂತ ಚೆನ್ನಾಗಿ ಲೆಕ್ಕ ಹಾಕಿಯೇ ಬಂದಿದ್ದರು.

ಈಗ ಪ್ಯಾನೆಲಿಗೆ ಒಂದೇ ಕೆಲಸ. ಬಚ್ಚಲ ಬಾಗಿಲಲ್ಲಿ 1 ವಾಟಿನ ಎಲ್‌ಇಡಿ, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ. ಖರ್ಚು 7. ಜುಲೈಯಲ್ಲಿ ದಿನವಿಡೀ ಮೋಡ ಕವಿದಾಗ ಜಮೆ ಬಿಸಿಲ ದಿನದ ಕಾಲು ಭಾಗಕ್ಕೆ ಇಳಿಯುತ್ತದೆ, ಕೆಲವು ದಿನ ಅದೂ ಇಲ್ಲ. ಆದರೂ ಹೇಗೋ ಸರಿದೂಗುತ್ತದೆ. ಏನೂ ಜಮೆಯಾಗದಿದ್ದರೂ ತುಂಬಿದ ಬ್ಯಾಟರಿ ಆರು ರಾತ್ರಿ ತಡೆಯುತ್ತದೆ. ಮೊದಲು 5 ವಾಟಿನ ಬಲ್ಬು ಹಾಕುವ ಆಸೆಯಿತ್ತು. ಮೆಟ್ಟಿಲು ಕಾಣಲಿಕ್ಕೆ ಅಷ್ಟು ಯಾಕೆ?

ಮಾಡುವವರಿದ್ದರೆ ಎರಡು ಮಾತು. ಕಂಟ್ರೋಲರ್ ಇಲ್ಲದೆ ಪ್ಯಾನೆಲನ್ನು ನೇರ ಬ್ಯಾಟರಿಗೆ ಕಟ್ಟಬೇಡಿ. ಹಗಲು ಮಿತಿಮೀರಿ ತುಂಬುತ್ತದೆ, ರಾತ್ರಿ ಇಟ್ಟದ್ದು ಹಿಂದಕ್ಕೆ ಸೋರುತ್ತದೆ. ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್ ಇರಲಿ. ನಮ್ಮ ಉಪ್ಪುಗಾಳಿಗೆ ತಂತಿಯ ತುದಿ ಹಸಿರುಗಟ್ಟುತ್ತದೆ, ವ್ಯಾಸಲೀನ್ ಸವರಿ. ಪ್ಯಾನೆಲನ್ನು ದಕ್ಷಿಣಕ್ಕೆ ತುಸು ಓರೆ ಮಾಡಿದರೆ ಮಳೆಯೇ ಕಾಗೆಯ ಹಿಕ್ಕೆ ತೊಳೆದುಕೊಡುತ್ತದೆ.

ಪಾಸ್‌ಬುಕ್ ಬರೆಯುವವನು ಮೊಮ್ಮಗ. ಭಾನುವಾರ ಬಸ್ಸಿನಲ್ಲಿ ಬಂದು, ನಾನು ಗುರುತು ಹಾಕಿಟ್ಟ ಬಿಸಿಲಿನ ಗಂಟೆಗಳನ್ನು 10ರಿಂದ ಗುಣಿಸಿ ಜಮೆ, ಖರ್ಚು, ಶಿಲ್ಕು ತುಂಬುತ್ತಾನೆ. ಹೋದ ವಾರ ಬಿಸಿಲು ಚೆನ್ನಾಗಿತ್ತು. "ಅಜ್ಜಾ, 25 ಸಾಲ ಕೊಡು, ಫೋನಿಗೆ" ಎಂದ. ನನಗೆ ಮಂಜೂರು ಮಾಡುವ ಅಧಿಕಾರವಿಲ್ಲ ಎಂದೆ. ಅರ್ಜಿ ಅಡುಗೆಮನೆಗೆ ಹೋಯಿತು. ಅಜ್ಜಿ ಪಾಸ್‌ಬುಕ್ ತೆಗೆದು, ಶಿಲ್ಕು ನೋಡಿ, ಕಿಟಕಿಯಿಂದ ಮೋಡವನ್ನೂ ನೋಡಿ ಹೇಳಿದಳು: "ಹತ್ತು ಕೊಡಿ."